ಕೇಳುಗರು ಕೇಳಿ ಪಡೆದ ಬಾನುಲಿ

ರಾಜಾಜಿನಗರದಿಂದ ವಿಜಯನಗರದ ಕಡೆಗೆ ಆಟೋ ಹತ್ತಿದರೆ, ಎಷ್ಟೋ ಸಲ ದಾರಿಯುದ್ದಕ್ಕೂ ಎಫ್.ಎಂ. ರೇಡಿಯೋ ಹಾಡುತ್ತಿರುತ್ತದೆ. ನಡುನಡುವೆ ಯಾರೋ ತರುಣನೋ ತರುಣಿಯೋ ಪಕ್ಕದ ಮನೆಯವರ ಸಲಿಗೆಯಿಂದ ಕನ್ನಡದಲ್ಲಿ ಹರಟುತ್ತಾರೆ. ಇದರಲ್ಲಿ ನಮಗೇನೂ ವಿಶೇಷ ಕಾಣುವುದಿಲ್ಲ. ಬೆಂಗಳೂರಿನ ಗಾಳಿಯಲ್ಲಿ ಕನ್ನಡ ಕೇಳಿಸುವುದು ಸಹಜವೇ ಅಲ್ಲವೆ? ಆದರೆ ಈ ಸಹಜವೂ ಒಂದು ಕಾಲಕ್ಕೆ ಸಂಪಾದಿಸಿಕೊಂಡದ್ದು. ಆ ಕಥೆ ತೀರ ಹಳೆಯದಲ್ಲ; ಆದರೂ ಮರೆಯುವಷ್ಟು ಹಳೆಯದಾಗಿದೆ.

ನಮ್ಮ ನಾಡಿಗೆ ಬಾನುಲಿ ಬಂದದ್ದು ವ್ಯಾಪಾರಕ್ಕಾಗಿ ಅಲ್ಲ. 1935ರಲ್ಲಿ ಮೈಸೂರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪ್ರಸಾರ ಕೇಂದ್ರವನ್ನು ನಡೆಸಿದರು. 'ಆಕಾಶವಾಣಿ' ಎಂಬ ಅದರ ಹೆಸರು ಮುಂದೆ ಇಡೀ ದೇಶದ ಬಾನುಲಿಗೇ ಹೆಸರಾಯಿತು. ಬೆಂಗಳೂರಿನಲ್ಲಿ ಆಕಾಶವಾಣಿ ನಿಲಯ ಆರಂಭವಾದದ್ದು 1955ರ ನವೆಂಬರಿನಲ್ಲಿ.

ಆ ದಿನಗಳಲ್ಲಿ ಕೇಂದ್ರದ ಪ್ರಸಾರ ಮಂತ್ರಿಗಳಾಗಿದ್ದ ಬಿ. ವಿ. ಕೇಸ್ಕರ್ ಅವರಿಗೆ ಶಾಸ್ತ್ರೀಯ ಸಂಗೀತದ ಮೇಲೆ ಎಷ್ಟು ಪ್ರೀತಿಯೋ ಸಿನಿಮಾ ಹಾಡಿನ ಮೇಲೆ ಅಷ್ಟೇ ಅಸಮಾಧಾನ. ಆಕಾಶವಾಣಿಯಲ್ಲಿ ಚಿತ್ರಗೀತೆಗಳು ವಿರಳವಾದವು. ಜನ ಜಗಳವಾಡಲಿಲ್ಲ, ಸುಮ್ಮನೆ ರೇಡಿಯೋದ ಮುಳ್ಳನ್ನು ಸಿಲೋನಿಗೆ ತಿರುಗಿಸಿದರು. 1952ರಲ್ಲಿ ಆರಂಭವಾದ ಅಮೀನ್ ಸಯಾನಿಯವರ 'ಬಿನಾಕಾ ಗೀತಮಾಲಾ' ಮನೆಮಾತಾಯಿತು. ಕೊನೆಗೆ 1957ರ ಅಕ್ಟೋಬರಿನಲ್ಲಿ ಸರ್ಕಾರವೇ ವಿವಿಧ ಭಾರತಿಯನ್ನು ತೆರೆಯಬೇಕಾಯಿತು. ಮನೆಯಲ್ಲಿ ಅಡುಗೆ ಸಪ್ಪೆಯಾದರೆ ಮಕ್ಕಳು ಪಕ್ಕದ ಮನೆಗೆ ಹೋಗುತ್ತಾರೆ ಎಂಬುದು ಎಲ್ಲ ತಾಯಂದಿರಿಗೂ ಗೊತ್ತು. ಸರ್ಕಾರಕ್ಕೆ ಅದು ತಿಳಿಯಲು ಐದು ವರ್ಷ ಹಿಡಿಯಿತು.

ಮುಂದಿನ ತಿರುವು 1995ರದು. ಕ್ರಿಕೆಟ್ ಪಂದ್ಯದ ಪ್ರಸಾರದ ಹಕ್ಕಿಗೆ ಸಂಬಂಧಿಸಿದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪ್ರಸಾರದ ತರಂಗಗಳು ಸಾರ್ವಜನಿಕರ ಸ್ವತ್ತೆಂದು ತೀರ್ಪಿತ್ತಿತು. 1999ರಲ್ಲಿ ಸರ್ಕಾರ 40 ನಗರಗಳ 108 ತರಂಗಗಳನ್ನು ಖಾಸಗಿಯವರಿಗೆ ಹರಾಜಿಗಿಟ್ಟಿತು. ಅದರ ಫಲವಾಗಿ 2001ರ ಜುಲೈ 3ರಂದು ದೇಶದ ಮೊಟ್ಟಮೊದಲ ಖಾಸಗಿ ಎಫ್.ಎಂ. ಕೇಂದ್ರವಾದ 'ರೇಡಿಯೋ ಸಿಟಿ' ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿತು.

ಆಗ ನಾನು ಜ್ಞಾನಭಾರತಿಯಲ್ಲಿ ಕನ್ನಡ ಎಂ.ಎ. ಓದುತ್ತಿದ್ದೆ. ಹಾಸ್ಟೆಲಿನ ಗೆಳೆಯನ ಬಳಿ ಅಂಗೈಯಗಲದ ಒಂದು ರೇಡಿಯೋ ಇತ್ತು. ರಾತ್ರಿ ಊಟವಾದ ಮೇಲೆ ನಾಲ್ಕು ಜನ ಅದರ ಸುತ್ತ ಕೂರುತ್ತಿದ್ದೆವು. ಧ್ವನಿಯ ಸ್ಪಷ್ಟತೆಗೆ ಬೆರಗಾದೆವು; ಮಾತಿನ ಚುರುಕಿಗೆ ನಕ್ಕೆವು. ಆದರೆ ಇಂಗ್ಲಿಷ್ ಹಾಗೂ ಹಿಂದಿ ಹಾಡುಗಳದೇ ಮೇಲುಗೈ. ಕನ್ನಡಕ್ಕೆ ದೊರೆತದ್ದು ಸಣ್ಣ ಪಾಲು. "ಇದು ಬೆಂಗಳೂರು ಹೌದು ಕಣೋ, ಆದರೆ ನಮ್ಮ ಬೆಂಗಳೂರಲ್ಲ" ಎಂದ ಗೆಳೆಯ. ಹಗಲೆಲ್ಲ ಪಂಪನನ್ನು ಓದಿ ಬಂದವರಿಗೆ ಆ ಮಾತು ಸ್ವಲ್ಪ ನೋಯಿಸಿತು.

ಇದಕ್ಕೆ ಯಾರ ದುರುದ್ದೇಶವನ್ನೂ ಹುಡುಕಬೇಕಾಗಿಲ್ಲ. ಹರಾಜಿನಲ್ಲಿ ಒಪ್ಪಿದ ಲೈಸೆನ್ಸ್ ಶುಲ್ಕ ದುಬಾರಿ. ಮೇಲಾಗಿ ವರ್ಷ ವರ್ಷವೂ ನೂರಕ್ಕೆ 15ರಂತೆ ಏರುವಂಥದು. ಸುದ್ದಿ ಹೇಳಲು ಅಪ್ಪಣೆ ಇರಲಿಲ್ಲ. ಹಾಡು, ಹರಟೆ, ಜಾಹೀರಾತು ಇಷ್ಟರಲ್ಲಿಯೇ ಬದುಕಬೇಕು. ಜಾಹೀರಾತು ಕೊಡುವವರ ಕಣ್ಣಿಗೆ ಹಣವುಳ್ಳ ಬೆಂಗಳೂರಿಗನೆಂದರೆ ಮಹಾತ್ಮ ಗಾಂಧಿ ರಸ್ತೆಯವನೇ ಹೊರತು ಬಸವೇಶ್ವರನಗರದವನಲ್ಲ, ಕೆಂಗೇರಿಯವನಂತೂ ಅಲ್ಲವೇ ಅಲ್ಲ ಎಂದು ತೋರಿರಬೇಕು. ಸುಮಾರು ಐದು ವರ್ಷ ಊರಿಗೆ ಅದೊಂದೇ ಖಾಸಗಿ ಕೇಂದ್ರ.

2005ರಲ್ಲಿ ನಿಯಮ ಬದಲಾಯಿತು. ಏರುವ ಶುಲ್ಕದ ಬದಲಿಗೆ ವರಮಾನದ ನೂರಕ್ಕೆ 4ರಷ್ಟು ಕೊಟ್ಟರೆ ಸಾಕಾಯಿತು. 2006ರಲ್ಲಿ ಬಿಗ್ ಎಫ್.ಎಂ., ರೇಡಿಯೋ ಮಿರ್ಚಿ, ಎಸ್ ಎಫ್.ಎಂ. ಮೊದಲಾದವು ಒಂದರ ಹಿಂದೊಂದು ಬಂದವು. ಸ್ಪರ್ಧೆ ಬಂದೊಡನೆ ಎಲ್ಲರೂ ಕೇಳುಗರನ್ನು ಅರಸಿ ಹೊರಟರು. ಆಗ ಕಂಡದ್ದೇನು? ಬೆಳಗಿನ ಬಸ್ಸಿನಲ್ಲಿ, ಹಾಲಿನ ಬೂತಿನಲ್ಲಿ, ಗಾರ್ಮೆಂಟ್ಸ್ ಕಾರ್ಖಾನೆಯ ದಾರಿಯಲ್ಲಿ ಕಿವಿಗೊಟ್ಟು ನಿಂತಿದ್ದವರು ಕನ್ನಡಿಗರು. ಅದೇ ವರ್ಷದ ಡಿಸೆಂಬರಿನಲ್ಲಿ 'ಮುಂಗಾರು ಮಳೆ' ತೆರೆಕಂಡಿತು. ಮನೋಮೂರ್ತಿಯವರ ರಾಗಗಳೂ ಜಯಂತ ಕಾಯ್ಕಿಣಿ, ಯೋಗರಾಜ ಭಟ್ಟರ ಸಾಹಿತ್ಯವೂ ದಿನಕ್ಕೆ ಎಷ್ಟು ಬಾರಿ ಕೇಳಿಬಂದವೋ ಲೆಕ್ಕವಿಲ್ಲ. ಕನ್ನಡ ಹಾಡು ಹಾಕಿದರೆ ನಷ್ಟ ಎಂಬ ಮಾತು ಆ ಮಳೆಯಲ್ಲಿ ಕೊಚ್ಚಿಹೋಯಿತು.

'ಸಖತ್ ಹಾಟ್ ಮಗಾ' ಎಂಬ ಮಿರ್ಚಿಯ ಘೋಷಣೆ ವ್ಯಾಕರಣದ ಮೇಷ್ಟ್ರಾದ ನನ್ನ ಕಿವಿಗೆ ಹಿತವಲ್ಲ. ಆದರೆ ಬೀದಿಯಲ್ಲಿ ಆಡುವ ಕನ್ನಡ ಮಾರುಕಟ್ಟೆಯಲ್ಲಿ ತಲೆಯೆತ್ತಿ ನಿಂತಿತೆಂಬುದನ್ನು ಅಲ್ಲಗಳೆಯಲಾರೆ. ಹಾಗೆಂದು ನಮ್ಮ ಕೆಲಸ ಮುಗಿಯಿತೆ? ಸಿನಿಮಾದ ಹಾಡಿಗೆ ದೊರೆತ ಜಾಗ ಭಾವಗೀತೆಗೆ ದೊರೆತಿಲ್ಲ, ಜಾನಪದಕ್ಕೂ ದೊರೆತಿಲ್ಲ. ಈಚೆಗೆ ಒಬ್ಬೊಬ್ಬರ ಕಿವಿಯಲ್ಲೂ ಒಂದೊಂದು ಮೊಬೈಲಿನ ಹಾಡು. ಬೀದಿಯೆಲ್ಲ ಒಂದೇ ಹಾಡನ್ನು ಒಟ್ಟಿಗೆ ಕೇಳುವ ಸುಖ ಕಡಿಮೆಯಾಗುತ್ತಿದೆ.

ನಮ್ಮ ಭಾಷೆಯಲ್ಲಿ 'ಕೇಳು' ಎಂಬ ಒಂದೇ ಧಾತುವಿಗೆ ಎರಡರ್ಥ: ಆಲಿಸು, ಬೇಡು. ತರಂಗ ಸಾರ್ವಜನಿಕರ ಸ್ವತ್ತೆಂದು ಕೋರ್ಟು ಹೇಳಿತು, ಸರಿ. ಆದರೆ ಸ್ವತ್ತು ಕೈಗೆ ಬಂದದ್ದು ನಾವು ಎರಡರ್ಥದಲ್ಲೂ ಕೇಳಿದಾಗ. ಬರಿದೇ ಆಲಿಸುತ್ತ ಕುಳಿತರೆ, ಹಾಕಿದ್ದೇ ಹಾಡು.