ಮಹಾವೀರಾಚಾರ್ಯನ ಹಣ್ಣಿನ ಲೆಕ್ಕವೂ ಮಾತೃಕಾಗಣಿತವೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಾಲೇಜು ವಿದ್ಯಾರ್ಥಿಯು ಇಂದು ಗಣಕಯಂತ್ರದ ಬೀಜಗಣಿತ ತಂತ್ರಾಂಶಕ್ಕೆ ಮಾತೃಕೆಯೊಂದನ್ನು ಒಪ್ಪಿಸಿದರೆ ಉತ್ತರವು ಕ್ಷಣದಲ್ಲಿ ದೊರೆಯುವುದು. ಅದರ ಹಿಂದಿನ ಕ್ರಮವನ್ನು ತಿಳಿಯಲು ಕನ್ನಡನಾಡಿನದೇ ಒಂದು ಹಳೆಯ ಲೆಕ್ಕವು ನೆರವಾಗುವುದೆಂದು ನಾವು ಭಾವಿಸುತ್ತೇವೆ.

ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ. ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ರಚಿಸಿದ ಸಂಸ್ಕೃತ 'ಗಣಿತಸಾರಸಂಗ್ರಹ'ದಲ್ಲಿ ಅದು ಬಂದಿದೆ. 9 ಮಾದಳದ ಹಣ್ಣಿಗೂ 7 ಬೇಲದ ಹಣ್ಣಿಗೂ ಕೂಡಿ ಬೆಲೆ 107. 7 ಮಾದಳಕ್ಕೂ 9 ಬೇಲಕ್ಕೂ 101. ಬಿಡಿ ಬೆಲೆ ಎಷ್ಟು? 107ನ್ನು 9ರಿಂದಲೂ 101ನ್ನು 7ರಿಂದಲೂ ಗುಣಿಸಿ ಕಳೆದರೆ 256. ಇದನ್ನು 9 ಮತ್ತು 7ರ ವರ್ಗಗಳ ಅಂತರವಾದ 32ರಿಂದ ಭಾಗಿಸಿದರೆ ಮಾದಳದ ಬೆಲೆ 8, ಬೇಲಕ್ಕೆ 5. ಈ 32 ಎಂಬುದೇ ಇಂದಿನ ತಂತ್ರಾಂಶವು ತೋರುವ ನಿರ್ಧಾರಕ. ವಿಲೋಮ ಮಾತೃಕೆಯಲ್ಲಿ 9/32 ಎಂಬ ಭಿನ್ನರಾಶಿಯು ದಶಮಾಂಶವಾಗದೆ ಹಾಗೆಯೇ ನಿಲ್ಲುವುದು.

ಇಷ್ಟರಿಂದಲೇ ಮಹಾವೀರನು ಮಾತೃಕೆಗಳನ್ನು ಬಲ್ಲವನಾಗಿದ್ದನೆಂಬ ವಾದವನ್ನು ನಾವು ಒಪ್ಪಲಾರೆವು. ಅವನ ಸೂತ್ರವು ಸಂಖ್ಯೆಗಳು ಹೀಗೆ ಅದಲುಬದಲಾದ ಲೆಕ್ಕಗಳಿಗೆ ಮಾತ್ರ ಸಲ್ಲತಕ್ಕದ್ದು. ಅಲ್ಲದೆ ಶೂನ್ಯದಿಂದ ಭಾಗಿಸಿದ ರಾಶಿಯು ಬದಲಾಗದೆಂದು ಅವನ ಮತ. ಅದು ತಪ್ಪೆಂಬುದನ್ನು ಮರೆಮಾಚಬೇಕಾಗಿಲ್ಲ. 8 ಮಾದಳಕ್ಕೂ 8 ಬೇಲಕ್ಕೂ ಬೆಲೆ 104 ಎಂಬುದನ್ನೇ ಎರಡು ಸಾಲುಗಳಲ್ಲಿ ಬರೆದರೆ ಭಾಜಕವು ಶೂನ್ಯವಾಗುವುದು. ಆಗ ತಂತ್ರಾಂಶವು ವಿಲೋಮವಿಲ್ಲವೆಂದು ತಿಳಿಸುತ್ತದೆ. ಹೇಳಿದ ಮಾತನ್ನೇ ಮತ್ತೆ ಹೇಳಿದರೆ ಬಿಡಿ ಬೆಲೆಯು ತಿಳಿಯುವಂತಿಲ್ಲ.