ಮೇಣದ ಚರ್ಮ, ಪರದೆಯ ಚರ್ಮ

ಚರ್ಮರೋಗದ ಪಾಠ ಇಂದು ಬಹುಮಟ್ಟಿಗೆ ಅಂತರ್ಜಾಲದಲ್ಲೇ ನಡೆಯುತ್ತಿದೆ. ಎಂ.ಡಿ. ವಿದ್ಯಾರ್ಥಿ ಮೊಬೈಲಿನಲ್ಲಿ ಒಂದು ರೋಗದ ಹೆಸರು ಹಾಕಿದರೆ ಸಾಕು, ನೂರಾರು ಚಿತ್ರಗಳು ಬಂದು ಬೀಳುತ್ತವೆ. ರೋಗಿಯ ಎದುರು ಕೂತು ಕಲಿಯಬೇಕಾದ್ದನ್ನು ಪರದೆ ನೋಡಿ ಕಲಿಯುವುದೇ ಎಂದು ಹಿರಿಯರು ಬೇಸರಪಡುತ್ತಾರೆ. ಆದರೆ ಈ ವಿದ್ಯೆ ಮೊದಲಿನಿಂದಲೂ ಚರ್ಮದ ನಕಲನ್ನು ನೋಡಿಕೊಂಡೇ ಬೆಳೆದದ್ದು. ಹಳೆಯ ವೈದ್ಯರು ಒಂದೇ ಹೆಸರನ್ನು ಊರಿಗೊಂದು ರೋಗಕ್ಕೆ ಬಳಸುತ್ತಿದ್ದರು. ಲಂಡನ್ನಿನ ರಾಬರ್ಟ್ ವಿಲನ್ 1798ರಿಂದ ಕಂತುಕಂತಾಗಿ ಹೊರತಂದ ಗ್ರಂಥದಲ್ಲಿ ಗುಳ್ಳೆ, ಹೊಟ್ಟು, ಕೀವುಗುಳ್ಳೆ, ಮಚ್ಚೆ ಎಂದು ಕಣ್ಣಿಗೆ ಕಂಡದ್ದನ್ನೇ ಆಧಾರವಾಗಿಟ್ಟುಕೊಂಡು ರೋಗಗಳನ್ನು ಎಂಟು ಗುಂಪು ಮಾಡಿದ, ಜೊತೆಗೆ ಬಣ್ಣದ ಚಿತ್ರಗಳನ್ನು ಕೊಟ್ಟ. ಹೆಸರು ಒಂದು ಕಡೆ ನಿಂತದ್ದು ಆ ಚಿತ್ರಗಳಿಂದ. ನಕಲಿಲ್ಲದೆ ಈ ಶಾಸ್ತ್ರವೇ ಇಲ್ಲ ಎಂದಮೇಲೆ ನಾವು ಕೇಳಬೇಕಾದ ಪ್ರಶ್ನೆ ಬೇರೆ: ಅದು ಯಾರ ಮೈಯ ನಕಲು?

ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಈ ನಕಲಿನ ಕೆಲಸ ಕಲೆಯ ಮಟ್ಟಕ್ಕೇ ಏರಿತು. 1607ರಲ್ಲಿ ಪ್ಲೇಗ್ ರೋಗಿಗಳಿಗೆಂದು ಸ್ಥಾಪನೆಯಾದ ಈ ಆಸ್ಪತ್ರೆ 1801ರಲ್ಲಿ ಚರ್ಮರೋಗಗಳಿಗೆ ಮೀಸಲಾಯಿತು. ಅಲ್ಲಿನ ವೈದ್ಯ ಶಾರ್ಲ್ ಲಾಯೆ, ಕಾಗದದ ರದ್ದಿಯಿಂದ ಥೇಟ್ ನಿಜವಾದ ಹಣ್ಣಿನಂತೆ ಕಾಣುವ ಹಣ್ಣುಗಳನ್ನು ಮಾಡಿ ಮಾರುತ್ತಿದ್ದ ಜೂಲ್ ಬಾರೆಟ್ಟಾ ಎಂಬ ಕುಶಲಕರ್ಮಿಯನ್ನು ಕಂಡು ಆಸ್ಪತ್ರೆಗೆ ಕರೆತಂದ. ಮೌಲಾಜ್ ಎಂಬ ಈ ಪ್ರತಿಕೃತಿಯ ಕೆಲಸ ತಾಳ್ಮೆಯದು. ರೋಗಿಯ ಮೈಮೇಲಿನ ಹುಣ್ಣಿನ ಸುತ್ತ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆಯಬೇಕು, ಅದರೊಳಗೆ ಮೇಣ ಎರೆಯಬೇಕು, ರೋಗಿಯನ್ನು ಎದುರಿಗೆ ಕೂರಿಸಿಕೊಂಡು ಪದರಪದರವಾಗಿ ಬಣ್ಣ ಕೊಡಬೇಕು, ಕೂದಲನ್ನು ಒಂದೊಂದಾಗಿ ನೆಡಬೇಕು. ಆಮೇಲೆ ಅಂಚಿಗೆ ಬಿಳಿ ಬಟ್ಟೆ ಸುತ್ತಿ, ಕಪ್ಪು ಹಲಗೆಗೆ ಕೂರಿಸಿ, ರೋಗದ ಹೆಸರಿನ ಚೀಟಿ ಅಂಟಿಸುತ್ತಿದ್ದರು. 1889ರಲ್ಲಿ ಚರ್ಮರೋಗ ತಜ್ಞರ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನ ಅಲ್ಲಿ ಸೇರಿದಾಗ ಇವುಗಳ ಸಂಗ್ರಹಾಲಯ ತೆರೆಯಿತು. ಮುಂದೆ ಅದು ಸುಮಾರು 4,800 ಪ್ರತಿಕೃತಿಗಳಿಗೆ ಬೆಳೆಯಿತು. ಅಪರೂಪದ ರೋಗವೊಂದಕ್ಕಾಗಿ ವರ್ಷಗಟ್ಟಲೆ ಕಾಯಬೇಕಾಗಿದ್ದ ವಿದ್ಯಾರ್ಥಿ ಒಂದೇ ಮಧ್ಯಾಹ್ನದಲ್ಲಿ ಅಂಥ ಹತ್ತು ರೋಗಗಳನ್ನು ನೋಡಬಹುದಾಯಿತು. ಆದರೆ ನೋಡಬೇಕೆಂದರೆ ಪ್ಯಾರಿಸ್ಸಿಗೇ ಹೋಗಬೇಕಿತ್ತು. ಅಲ್ಲಿದ್ದ ಮೇಣವೂ ಬಹುಪಾಲು ಪ್ಯಾರಿಸ್ಸಿನ ಬಿಳಿಯ ಬಡವರ ಮೈಯದು.

ಯುರೋಪಿನ ಪುಸ್ತಕಗಳು ಉರಿಯೂತವನ್ನು ‘ಕೆಂಪು’ ಎಂದು ಕಲಿಸಿದವು. ನಮ್ಮ ಕಂದು ಮೈಮೇಲೆ ಆ ಕೆಂಪು ಎಷ್ಟೋ ಸಲ ನೇರಳೆಯಾಗಿಯೋ ಬೂದಾಗಿಯೋ ಕಾಣುತ್ತದೆ, ಕೆಲವೊಮ್ಮೆ ಕಾಣುವುದೇ ಇಲ್ಲ. ರೋಗ ವಾಸಿಯಾದ ಮೇಲೂ ಉಳಿಯುವ ಕಪ್ಪು ಕಲೆ ನಮ್ಮವರಿಗೆ ರೋಗದಷ್ಟೇ ದೊಡ್ಡ ಚಿಂತೆ, ಆ ಪುಸ್ತಕಗಳಲ್ಲಿ ಅದಕ್ಕೆ ಸಿಕ್ಕ ಜಾಗ ಅತ್ಯಲ್ಪ. ಭಾರತೀಯ ಚರ್ಮದ ಚಿತ್ರಗಳು ಇರಲೇ ಇಲ್ಲವೆಂದಲ್ಲ. ಗ್ರೇಯ ಪ್ರಸಿದ್ಧ ಅಂಗರಚನಾ ಗ್ರಂಥಕ್ಕೆ ಚಿತ್ರ ಬರೆದ ಹೆನ್ರಿ ವ್ಯಾನ್‌ಡೈಕ್ ಕಾರ್ಟರ್ 1858ರಲ್ಲಿ ಬೊಂಬಾಯಿಗೆ ಬಂದು, ಬರಿಗಾಲಲ್ಲಿ ದುಡಿಯುವವರ ಪಾದಕ್ಕೆ ಬರುವ ಶಿಲೀಂಧ್ರ ರೋಗದ ಮೇಲೆ 1874ರಲ್ಲಿ ಗ್ರಂಥವನ್ನೇ ಪ್ರಕಟಿಸಿದ. ‘ಮಧುರಾ ಪಾದ’ ಎಂಬ ಹೆಸರು ಆ ರೋಗಕ್ಕೆ ಮೊದಲೇ ಬಂದಿತ್ತು. ಆದರೆ ಇಂಥ ಚಿತ್ರಗಳು ‘ಉಷ್ಣದೇಶದ ರೋಗಗಳು’ ಎಂಬ ಬೇರೆ ಕಪಾಟು ಸೇರಿದವು. ಸೋರಿಯಾಸಿಸ್, ಇಸುಬು, ಮೊಡವೆಯಂಥ ಎಲ್ಲರಿಗೂ ಬರುವ ರೋಗಗಳ ಮಾದರಿ ಬಿಳಿ ಮೈಯೇ ಆಗಿ ಉಳಿಯಿತು. 1975ರಲ್ಲಿ ಹಾರ್ವರ್ಡಿನ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ ರೂಪಿಸಿದ ಚರ್ಮದ ವರ್ಗೀಕರಣ ಕೂಡ ಶುರುವಾದದ್ದು ಬಿಳಿಯರಿಗೆ ಎಷ್ಟು ಅತಿನೇರಳೆ ಕಿರಣ ಕೊಡಬಹುದೆಂಬ ಲೆಕ್ಕದಿಂದ. ಕಂದು ಮತ್ತು ಕಪ್ಪು ಚರ್ಮ ಅದರೊಳಗೆ ಬಂದದ್ದು ಆಮೇಲೆ.

ಅಂತರ್ಜಾಲ ಪ್ಯಾರಿಸ್ ಪ್ರಯಾಣವನ್ನು ತಪ್ಪಿಸಿತು. 1995ರಲ್ಲಿ ‘ಡರ್ಮಟಾಲಜಿ ಆನ್‌ಲೈನ್ ಜರ್ನಲ್’ ಶುರುವಾಯಿತು, ಮರುವರ್ಷ ನ್ಯೂಜಿಲೆಂಡಿನ ವೈದ್ಯರು ‘ಡರ್ಮ್‌ನೆಟ್’ ತೆರೆದರು. ಪುಸ್ತಕ ಕೊಳ್ಳಲಾಗದ ಜಿಲ್ಲಾ ಕೇಂದ್ರದ ವಿದ್ಯಾರ್ಥಿಗೆ ಇದು ಎಂಥ ವರವೆಂದು ಬೇರೆ ಹೇಳಬೇಕಿಲ್ಲ. ಆದರೆ ಹಳೆಯ ಕಪಾಟಿನ ಓರೆಯೂ ಜೊತೆಯಲ್ಲೇ ಬಂತು. 2021ರಲ್ಲಿ ಸಂಶೋಧಕರು ಎರಡು ಆನ್‌ಲೈನ್ ಸಂಗ್ರಹಗಳ 16,577 ಚಿತ್ರಗಳನ್ನು ಬಣ್ಣದ ಪ್ರಕಾರ ವಿಂಗಡಿಸಿ ನೋಡಿದಾಗ ತಿಳಿ ಚರ್ಮದ ಚಿತ್ರಗಳೇ ಹೆಚ್ಚಿದ್ದವು, ಅತಿ ಗಾಢ ಚರ್ಮದವು ತೀರಾ ಕಡಿಮೆ. ಅದಕ್ಕೆ ಒಂದು ವರ್ಷ ಮುಂಚೆ ಲಂಡನ್ನಿನ ವೈದ್ಯ ವಿದ್ಯಾರ್ಥಿ ಮಲೋನ್ ಮುಕ್ವೆಂಡೆ ತನ್ನ ಅಧ್ಯಾಪಕರ ಜೊತೆ ಸೇರಿ ಕಪ್ಪು, ಕಂದು ಚರ್ಮದ ಮೇಲಿನ ಲಕ್ಷಣಗಳ ಕೈಪಿಡಿಯನ್ನು ಉಚಿತವಾಗಿ ಹೊರತಂದಿದ್ದರು.

ಪಳಗಿದ ಕಣ್ಣಿಗೆ ಬಣ್ಣ ಮುಖ್ಯವಲ್ಲ, ಆಕಾರ ಮತ್ತು ಜಾಗ ನೋಡಿದರೆ ರೋಗ ತಿಳಿಯುತ್ತದೆ ಎಂಬ ವಾದವಿದೆ. ಪಳಗಿದವರ ಮಟ್ಟಿಗೆ ಅದು ನಿಜ. ಆದರೆ ಚಿತ್ರಗಳು ಇರುವುದೇ ಪಳಗದ ಕಣ್ಣಿಗಾಗಿ. ಚಿತ್ರದಲ್ಲಿ ಗಡಸು, ಬಿಸಿ, ಹೊಟ್ಟಿನ ಪದರು ಕೈಗೆ ಸಿಗವು ಎನ್ನುವ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಹೋಗಿದೆಯೇ ಎಂದು ಯಾವ ಪರದೆಯೂ ಹೇಳಲಾರದು. ಸೇಂಟ್ ಲೂಯಿಯಲ್ಲಿ ಮೇಣದ ಪ್ರತಿಕೃತಿಗಳು ವಾರ್ಡಿನ ಪಕ್ಕದಲ್ಲೇ ಇದ್ದವು, ಅವುಗಳಿಂದ ವಾರ್ಡು ಮುಚ್ಚಲಿಲ್ಲ.

ಪರದೆಗೆ ಇರುವ ಒಂದು ಶಕ್ತಿ ಮೇಣಕ್ಕೆ ಇರಲಿಲ್ಲ. ರೋಗ ಬದಲಾದಂತೆ ಅದರ ಸಂಗ್ರಹವೂ ಬದಲಾಗಬಹುದು. ನಮ್ಮ ಹುಳುಕಡ್ಡಿಯನ್ನೇ ನೋಡಿ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿ ಹಚ್ಚಿ, ಹಳೆಯ ಪುಸ್ತಕದ ಚೊಕ್ಕ ಉಂಗುರದ ಆಕಾರವೇ ಈಗ ಅಳಿಸಿಹೋಗುತ್ತಿದೆ. ಔಷಧಿಗೆ ಸುಲಭವಾಗಿ ಬಗ್ಗದ ಶಿಲೀಂಧ್ರವೂ ಹರಡಿದೆ. 2020ರಲ್ಲಿ ಜಪಾನಿನ ಸಂಶೋಧಕರು ಅದಕ್ಕಿಟ್ಟ ‘ಟ್ರೈಕೋಫೈಟಾನ್ ಇಂಡೊಟಿನಿಯೆ’ ಎಂಬ ಹೆಸರಿನಲ್ಲೇ ಭಾರತವಿದೆ. ಈ ಹೊಸ ರೂಪದ ಚಿತ್ರಗಳು ನಮ್ಮ ಒಪಿಡಿಗಳಿಂದ ಹೋಗದಿದ್ದರೆ ಇನ್ನೆಲ್ಲಿಂದ ಹೋಗಬೇಕು?

ತೊನ್ನು, ಕುಷ್ಠದಂಥ ರೋಗಗಳಿಗೆ ಅಂಟಿಕೊಂಡ ಕಳಂಕದಿಂದ ನಮ್ಮ ರೋಗಿಗಳು ಫೋಟೊಕ್ಕೆ ಒಪ್ಪುವುದಿಲ್ಲ ಎನ್ನುತ್ತಾರೆ. ಆ ಅಂಜಿಕೆಗೆ ಕಾರಣವಿದೆ. ಪ್ಯಾರಿಸ್ಸಿನಲ್ಲಿ ಧರ್ಮಾಸ್ಪತ್ರೆಗೆ ಬಂದ ಬಡವರು ಬೇಡವೆನ್ನುವ ಸ್ಥಿತಿಯಲ್ಲಿರಲಿಲ್ಲ, ನಮ್ಮ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತವರೂ ಹೆಚ್ಚುಕಡಿಮೆ ಅದೇ ಸ್ಥಿತಿಯಲ್ಲಿದ್ದಾರೆ. ಆದ್ದರಿಂದ ಫೋಟೊ ತೆಗೆಯುವ ಮುಂಚೆ, ಅದು ಎಲ್ಲಿ ಹೋಗುತ್ತದೆ, ಒಮ್ಮೆ ಹೋದರೆ ಮತ್ತೆ ಹಿಂದಕ್ಕೆ ಪಡೆಯುವುದು ಕಷ್ಟ, ಬೇಡವೆಂದರೂ ಚಿಕಿತ್ಸೆ ನಿಲ್ಲುವುದಿಲ್ಲ ಎಂಬ ಮೂರನ್ನೂ ಅವರದೇ ಮಾತಿನಲ್ಲಿ ಕೂತು ಹೇಳಬೇಕು. ಇಂಗ್ಲಿಷ್ ಫಾರಮ್ಮಿಗೆ ಹೆಬ್ಬೆಟ್ಟು ಒತ್ತಿಸಿಕೊಂಡದ್ದನ್ನು ಒಪ್ಪಿಗೆ ಎನ್ನಲಾಗದು.