ಮಲ್ಲಿಪಟ್ಟಣದ ತೊಟ್ಟಿಮನೆ, ಮಂಜರಾಬಾದಿನ ಬಂಗಲೆ

ಅರಕಲಗೂಡಿನಿಂದ ಪಡುವಣಕ್ಕೆ ಹೊರಟು ಮಲ್ಲಿಪಟ್ಟಣ ತಲುಪುವ ಹೊತ್ತಿಗೆ ಗಾಳಿಯೇ ಬೇರೆ. ರಾಗಿ, ಹೊಗೆಸೊಪ್ಪು, ಆಲೂಗಡ್ಡೆಯ ಬಯಲು ಹಿಂದೆ ಉಳಿದು ಶುಂಠಿ ಪಟ್ಟೆ, ಗದ್ದೆ ಎದುರಾಗುತ್ತವೆ. ಇನ್ನೂ ಮುಂದೆ ಕೊಡ್ಲಿಪೇಟೆ, ಕೊಡಗಿನ ಏಳುಸಾವಿರ ಸೀಮೆ. ಈಗ ಆ ನಡುವಿನ ಗೆರೆ ಬರೀ ಜಿಲ್ಲೆಯ ಗಡಿ. 1956ರ ನವೆಂಬರ್ 1ರವರೆಗೆ ಅದು ರಾಜ್ಯದ ಗಡಿಯಾಗಿತ್ತು. ಈಚೆ ಮೈಸೂರು, ಆಚೆ 1834ರಲ್ಲಿ ಕಂಪನಿ ಸರ್ಕಾರದ ಕೈಸೇರಿದ್ದ ಕೊಡಗು. ನಮ್ಮ ಹೋಬಳಿ ಬಯಲುಸೀಮೆಯ ತುದಿಯೂ ಹೌದು, ಮಲೆನಾಡಿನ ಹೊಸ್ತಿಲೂ ಹೌದು.

ಹೊಸ್ತಿಲೂರಿನ ಚರಿತ್ರೆಯನ್ನು ಅದರ ಮನೆಗಳಲ್ಲಿ ಓದಬೇಕು ಎಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ. ಈ ಸುತ್ತಿನ ಹಳೆಯ ತೊಟ್ಟಿಮನೆಯೊಂದರ ಒಳಗೆ ಬನ್ನಿ. ಬೀದಿಗೆ ಕಾಣುವುದು ಜಗಲಿ, ಗಿಡ್ಡ ಬಾಗಿಲು, ಮೊಳಕ್ಕೂ ಮೀರಿದ ದಪ್ಪದ ಮಣ್ಣುಗೋಡೆ, ಇಷ್ಟೇ. ತಲೆ ಬಗ್ಗಿಸಿ ಒಳಗೆ ಹೋದರೆ ಮನೆಯ ನಡುವೆ ಆಕಾಶ. ನಾಲ್ಕು ಮುಂಡಿಗೆಗಳ ನಡುವಿನ ತೊಟ್ಟಿಗೆ ನಾಲ್ಕೂ ಕಡೆಯ ನಾಡಹಂಚು ಇಳಿದಿದೆ. ಮುಂಡಿಗೆಯ ಮೇಲಿನ ಬೋದಿಗೆಯಲ್ಲಿ ಬಾಳೆಮೂತಿ ಕೆತ್ತಿದ್ದಾರೆ. ಕೂತು ಕೂತು ಬೆನ್ನು ತಾಗಿದ ಎತ್ತರಕ್ಕೆ ಮುಂಡಿಗೆ ಕನ್ನಡಿಯ ಹಾಗೆ ನುಣುಪಾಗಿದೆ. ಅದಕ್ಕಿಂತ ಮೇಲೆ ಹೊಗೆ ಹಿಡಿದು ಕಪ್ಪು. ಪಡಸಾಲೆ, ನಡುಮನೆ, ಅಡುಗೆಮನೆ, ಅಟ್ಟ ಎಲ್ಲವೂ ಆ ತೊಟ್ಟಿಯ ಕಡೆಗೇ ಮುಖ ಮಾಡಿವೆ. ಮಳೆ, ಬಿಸಿಲು, ಬೆಳದಿಂಗಳು ಮನೆಯ ಹೊಟ್ಟೆಯೊಳಗೇ ಬೀಳುತ್ತವೆ.

ಇಂಥ ಮನೆಯಿಂದಲೇ ನಮ್ಮಜ್ಜಿ ಹರೆಯದಲ್ಲಿ ಘಟ್ಟಕ್ಕೆ ಹೋಗಿದ್ದಳು. ತೋಟದ ಮೇಸ್ತ್ರಿ ಮುಂಗಡ ಕೊಟ್ಟ ಮೇಲೆ ಮಾತಿಲ್ಲ. ಸುಗ್ಗಿ ಮುಗಿಸಿ, ಕಂಬಳಿ, ಮಡಕೆ ಹೊತ್ತು ಕಾಫಿ ಹಣ್ಣು ಬಿಡಿಸಲು ಹೋಗಿ ಕೂಲಿಯವರ ಲೈನ್‌ಮನೆ ಸೇರುವುದು. ತೋಟದ ದೊರೆಯ ಬಂಗಲೆ ಹೇಗಿತ್ತು ಅಂತ ಚಿಕ್ಕಂದಿನಲ್ಲಿ ಕೇಳಿದ್ದೆ. "ಕಣದಲ್ಲಿ ನಿಂತ್ರೆ ಬಂಗ್ಲೆ ಕಾಣ್ತಿತ್ತು. ಬಂಗ್ಲೆಗೂ ನಾವು ಕಾಣ್ತಿದ್ವಿ" ಅಂದಿದ್ದಳು. ಬಂಗಲೆಯ ವಾಸ್ತುವಿನ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಎಲ್ಲೂ ಓದಿಲ್ಲ.

ನಮಗೂ ಮಂಜರಾಬಾದ್ ಸೀಮೆಗೂ, ಅಂದರೆ ಈಗಿನ ಸಕಲೇಶಪುರಕ್ಕೂ, ನಂಟು ಬೆಸೆದದ್ದು ಬಿಳಿ ದೊರೆಗಳೇನಲ್ಲ. 1568ರ ಸುಮಾರಿಗೆ ಅರಕಲಗೂಡನ್ನು ಕಟ್ಟಿಸಿದ ಕೃಷ್ಣಪ್ಪ ನಾಯಕನೇ ಅಲ್ಲಿಯ ಐಗೂರಿನ ಪಾಳೆಯಗಾರರ ಮನೆತನದವನು. ಕಾಫಿ ಬಂದ ಮೇಲೆ ಆ ನಂಟು ಕೂಲಿಯ ನಂಟಾಯಿತು. ಮಂಜರಾಬಾದಿನಲ್ಲಿ 1843ರಲ್ಲಿ ಗ್ರೀನ್ ಎಂಬಾತ ತೋಟ ಹಾಕಿದ. 1856ರಲ್ಲಿ ರಾಬರ್ಟ್ ಎಲಿಯಟ್ ಎಂಬ ಸ್ಕಾಟ್ಲೆಂಡಿನ ತರುಣ ಅಲ್ಲೇ ಕಾಡು ಕಡಿಸಿ ತೋಟ ಎಬ್ಬಿಸಿದ. ಆತ ಮೈಸೂರಿನ ಚಿನ್ನ, ಬೇಟೆ, ಕಾಫಿಯ ಬಗ್ಗೆ 1894ರಲ್ಲಿ ಬರೆದ ಪುಸ್ತಕದಲ್ಲಿ ತೋಟಗಾರನ ಬಂಗಲೆಗೇ ಒಂದು ಅಧ್ಯಾಯ ಮೀಸಲಿಟ್ಟ. ಮನೆ ಕಟ್ಟುವುದು ಆ ಜನಕ್ಕೆ ಅಷ್ಟು ಮುಖ್ಯದ ಕೆಲಸವಾಗಿತ್ತು.

ಬಂಗಲೆ ಎಂದರೆ ಇಂಗ್ಲೆಂಡಿನ ಹಳ್ಳಿಗಾಡಿನ ಜಮೀನ್ದಾರಿ ಮನೆಯನ್ನು ಎತ್ತಿ ತಂದು ಗುಡ್ಡದ ಮೇಲೆ ಇಟ್ಟದ್ದು ಎಂಬ ನಂಬಿಕೆಯಿದೆ. ನಾನು ಒಪ್ಪುವುದಿಲ್ಲ. ಆ ಹೆಸರೇ ಬಂಗಾಳದ ಹಳ್ಳಿಮನೆಯದು. ಗುಡ್ಡದ ನೆತ್ತಿ ಸವರಿ, ನೆಲಗಟ್ಟು ಎತ್ತರಿಸಿ, ಮೂರು ಕಡೆ ಅಗಲ ಜಗಲಿ ಎಳೆದರು. ಮೊದಮೊದಲು ಸೂರಿಗೆ ಹುಲ್ಲೇ ಇತ್ತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ತೆರೆದ ಮೇಲೆ ನಿಧಾನವಾಗಿ ಕೆಂಪು ಹಂಚು ಘಟ್ಟ ಹತ್ತಿತು. ತೊಲೆ, ಜಂತೆಗೆ ಇಲ್ಲಿಯದೇ ಬೀಟೆ, ಹೊನ್ನೆ. ನೆಲಕ್ಕೆ ಕಾವಿ. ಮುಂಗಾರಿನ ಇರಿಚಲಿಗೆ ಜಗಲಿಗೆ ಕಟ್ಟುವ ತಡಿಕೆ ಮಲೆನಾಡಿಗರು ಕಲಿಸಿದ್ದು. ಗೋಡೆ ಕಟ್ಟಿದ ಕೈ, ಉಳಿ ಹಿಡಿದ ಕೈ ನಮ್ಮವರದು.

ಬಿಳಿ ದೊರೆಗಳು ತಂದದ್ದು ಬೆಂಕಿಗೂಡು. ಜುಲೈ ತಿಂಗಳ ಥಂಡಿಯಲ್ಲಿ ಕೂತವರಿಗೆ ಅದರ ಬೆಲೆ ಗೊತ್ತು. ಜೊತೆಗೆ ಒಂದು ಅಂತರವನ್ನೂ ತಂದರು. ಅಡುಗೆಮನೆ ಬೇರೆಯೇ ಕಟ್ಟಡ, ನಡುವೆ ಮಾಡಿನ ಓಣಿ. ಬಚ್ಚಲಿಗೆ ಹಿಂಬದಿಯಿಂದ ಇನ್ನೊಂದು ಬಾಗಿಲು: ಬಿಸಿನೀರು ಹೊತ್ತು ತರುವವನು ಮನೆಯೊಳಗೆ ಕಾಲಿಡಬಾರದು. ಹಾಗೆಂದು ನಮ್ಮ ತೊಟ್ಟಿಮನೆಗಳೇನು ಎಲ್ಲರಿಗೂ ತೆರೆದಿದ್ದವೇ? ಕೂಲಿಯವರಲ್ಲಿ ಎಷ್ಟೋ ಜನಕ್ಕೆ ಊರಲ್ಲೂ ಜಗಲಿಯೇ ಗಡಿಯಾಗಿತ್ತು. ಅದನ್ನು ಬಚ್ಚಿಟ್ಟು ಚರಿತ್ರೆ ಬರೆಯಲು ನನಗೆ ಮನಸ್ಸಿಲ್ಲ.

ಆದರೂ ಎರಡೂ ಮನೆಗಳ ಮುಖ ಬೇರೆ ಬೇರೆ. ತೊಟ್ಟಿಮನೆ ತನ್ನ ಒಳಗನ್ನು ನೋಡಿಕೊಳ್ಳುತ್ತದೆ, ತನ್ನ ಕಣಜ, ತನ್ನ ಮಕ್ಕಳು. ಬಂಗಲೆ ಹೊರಗನ್ನು ನೋಡುತ್ತದೆ. ಕಣ, ಪಲ್ಪರ್ ಮನೆ, ಲೈನು, ರಸ್ತೆ, ಎಲ್ಲ ಜಗಲಿಯ ಕುರ್ಚಿಯಿಂದ ಒಂದೇ ನೋಟಕ್ಕೆ ಸಿಗಬೇಕು. ಇಂಗ್ಲೆಂಡಿನ ದೊಡ್ಡಮನೆಗಳೂ ಒಕ್ಕಲುಗಳ ಗೇಣಿಯ ಮೇಲೆ ಹಾಗೆಯೇ ಎದ್ದುನಿಂತಂಥವು. ಬಂದವರು ಅಲ್ಲಿಂದ ಹೊತ್ತು ತಂದದ್ದು ಗೋಡೆ ಕಿಟಕಿಗಿಂತ ಹೆಚ್ಚಾಗಿ ಆ ನೋಟವನ್ನು.

ಹಾಗೆ ಬಂದವರಲ್ಲೊಬ್ಬನಾದ ಎಲಿಯಟ್ ಮುಂದೆ ಸ್ಕಾಟ್ಲೆಂಡಿನ ತನ್ನ ಕ್ಲಿಫ್ಟನ್ ಪಾರ್ಕ್ ಜಮೀನಿನಲ್ಲಿ ಸವೆದ ಮಣ್ಣಿಗೆ ಜೀವ ತುಂಬಲು ಆಳಕ್ಕೆ ಬೇರು ಬಿಡುವ ಹುಲ್ಲುಗಳ ಜೊತೆ ಚಿಕೋರಿಯನ್ನೂ ಬಿತ್ತಿದ. ನಾವು ಕಾಫಿಪುಡಿಗೆ ಬೆರೆಸುವ ಅದೇ ಚಿಕೋರಿ. ಇಲ್ಲಿ ನೆರಳು, ಗೊಬ್ಬರ, ಮಣ್ಣು ಎಂದು ವರ್ಷಗಟ್ಟಲೆ ಹೆಣಗಿದ ಮನುಷ್ಯ ಅಲ್ಲಿ ಮತ್ತೆ ಮಣ್ಣಿನ ಹತ್ತಿರವೇ ಕೂತದ್ದು ನನಗೆ ಇಷ್ಟವಾದ ಸಂಗತಿ.

ಈಗ ಎಷ್ಟೋ ಬಂಗಲೆಗಳು ಹೋಂಸ್ಟೇ ಆಗಿವೆ, ಹಾಗಾಗಿ ಉಳಿದಿವೆ. ಫೋಟೋ ತೆಗೆಯಲು ಜನ ಬೆಂಗಳೂರಿನಿಂದ ಬರುತ್ತಾರೆ. ತೊಟ್ಟಿಮನೆಗೆ ಆ ಭಾಗ್ಯವಿಲ್ಲ. ಪಾಲಾದಾಗ ತೊಟ್ಟಿಯ ನಡುವೆಯೇ ಗೋಡೆ ಏಳುತ್ತದೆ, ಮುಂಡಿಗೆಗಳು ಹಳೆ ಮರದ ವ್ಯಾಪಾರಿಯ ಲಾರಿ ಹತ್ತುತ್ತವೆ. ಅಂಥ ಒಂದು ಮುಂಡಿಗೆ ದೂರದ ರೆಸಾರ್ಟಿನಲ್ಲಿ ಛಾವಣಿಯನ್ನೂ ಹೊರದೆ ಅಲಂಕಾರಕ್ಕೆ ನಿಂತದ್ದನ್ನು ಕಂಡು ನನಗೆ ಹೊಟ್ಟೆ ಉರಿದಿತ್ತು.

ಹೋದ ಮಳೆಗಾಲ ಟೇಪು ಹಿಡಿದು, ಉಳಿದಿರುವ ಒಂದು ತೊಟ್ಟಿಯ ಅಳತೆ ತೆಗೆಯಲು ಹೋಗಿದ್ದೆ. ಬರೆದುಕೊಳ್ಳುವಷ್ಟರಲ್ಲಿ ಮಳೆ ಹಿಡಿಯಿತು. ಮನೆಯ ಯಜಮಾನಿತಿ ನನ್ನನ್ನು ಪಡಸಾಲೆಗೆ ಕರೆದು, ಸೂರಿನ ನಾಲ್ಕು ಮೂಲೆಗೂ ಒಂದೊಂದು ಹಿತ್ತಾಳೆ ಕೊಡ ಇಟ್ಟಳು. ಕೊಡ ತುಂಬುತ್ತ ಬಂದಂತೆ ನಾಲ್ಕರ ಸದ್ದೂ ಬೇರೆ ಬೇರೆಯಾಯಿತು. ಯಾವುದು ತುಂಬಿತೆಂದು ಅವಳು ಒಳಗಿನಿಂದಲೇ, ಸದ್ದಿನಲ್ಲೇ ಹೇಳುತ್ತಿದ್ದಳು.